ನಿಘಂಟಿಗೆ ಮಾತು ಕೊಟ್ಟವರು

ಕಿಟ್ಟೆಲ್ ಕೋಶಕ್ಕೆ ಆಫ್ರಿಕಾದಲ್ಲಿ ಒಡಹುಟ್ಟಿದವರಿದ್ದಾರೆ ಎಂದರೆ ನನ್ನ ವಿದ್ಯಾರ್ಥಿಗಳು ಮೊದಮೊದಲು ನಂಬುತ್ತಿರಲಿಲ್ಲ. ಮಂಗಳೂರಿನಲ್ಲಿ ಕನ್ನಡ ಕಲಿಸಿದಷ್ಟು ಕಾಲವೂ ನಾನು ಈ ಮಾತನ್ನು ಹೇಳುತ್ತಲೇ ಬಂದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಶಾಲೆಯಲ್ಲಿ ಓದಿದ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದಿಳಿದರು. ಅದೇ ಶಾಲೆಯ ಯೋಹಾನ್ ಕ್ರಿಸ್ಟಾಲರ್ ಅದೇ ವರ್ಷ ಇಂದಿನ ಘಾನಾದ ಕರಾವಳಿಗೆ ಬಂದಿಳಿದರು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶ 1894ರಲ್ಲಿ ಅಚ್ಚಾಯಿತು. ಕ್ರಿಸ್ಟಾಲರರು ಮಾಡಿದ, ಘಾನಾದ ಟ್ವಿ ಭಾಷೆಯ ನಿಘಂಟು ಅದಕ್ಕೂ ಮೊದಲು, 1881ರಲ್ಲಿ ಬಂತು. ನಿಘಂಟಿಗೂ ಮುಂಚೆಯೇ ಅವರು ಆ ಭಾಷೆಯ 3,600 ಗಾದೆಗಳನ್ನು ಕೂಡಿಸಿ ಪ್ರಕಟಿಸಿದ್ದರು.

ಬಾಸೆಲಿನ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಹೌಸಾ ಭಾಷೆಗೆ ವ್ಯಾಕರಣ ಬರೆದ ಶೋನ್, ಸ್ವಾಹಿಲಿಗೆ ವ್ಯಾಕರಣ ಮತ್ತು ನಿಘಂಟು ಮಾಡಿದ ಕ್ರಾಫ್, ನೂರಕ್ಕೂ ಹೆಚ್ಚು ಆಫ್ರಿಕನ್ ಭಾಷೆಗಳ ಪದಗಳನ್ನು ಒಂದೇ ಪುಸ್ತಕದಲ್ಲಿ ಹೊಂದಿಸಿಟ್ಟ ಕೋಲೆ, ಎಲ್ಲರೂ ಆ ಶಾಲೆಯಲ್ಲೇ ತಯಾರಾದವರು. ಸುಮಾರು ಎರಡು ಸಾವಿರ ಭಾಷೆಗಳಿರುವ ಆ ಖಂಡದಲ್ಲಿ ಇಂದು ಹೌಸಾ, ಯೊರುಬಾ, ಒರೊಮೊ ಒಂದೊಂದೂ ಕೋಟಿಗಟ್ಟಲೆ ಜನರ ತಾಯ್ನುಡಿ. ಸ್ವಾಹಿಲಿಯ ಕಥೆಯೇ ಬೇರೆ. ಅದನ್ನು ತಾಯಿಯಿಂದ ಕಲಿತವರಿಗಿಂತ ಸಂತೆಯಲ್ಲೂ ಶಾಲೆಯಲ್ಲೂ ಕಲಿತವರು ಎಷ್ಟೋ ಪಟ್ಟು ಹೆಚ್ಚು.

ನನ್ನ ಮನಸ್ಸು ಮಾತ್ರ ಈ ಪಾದ್ರಿಗಳಿಗಿಂತ ಅವರೆದುರು ಕೂತು ಮಾತಾಡಿದವರ ಕಡೆಗೇ ವಾಲುತ್ತದೆ. ಕಿಟ್ಟೆಲರಿಗೆ ಕೇಶಿರಾಜನ ಶಬ್ದಮಣಿದರ್ಪಣವಿತ್ತು, ಓಲೆಗರಿಗಳಿದ್ದವು, ಅರ್ಥ ಹೇಳುವ ಪಂಡಿತರಿದ್ದರು. ಆಫ್ರಿಕಾದ ಹಲವು ನಿಘಂಟುಗಳಿಗೆ ಪದ ಕೊಟ್ಟವರು ಗುಲಾಮರಾಗಿ ಮಾರಾಟವಾದವರು. ಊರು, ಮನೆ, ನಂಟರು ಎಲ್ಲ ಕಳೆದುಹೋಗಿ, ಅವರಲ್ಲಿ ಉಳಿದದ್ದು ನೆನಪಿನ ಮಾತು.

ಸಿಯೆರಾ ಲಿಯೋನಿನ ಫ್ರೀಟೌನ್ ಇದಕ್ಕೆ ದೊಡ್ಡ ಸಾಕ್ಷಿ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಅದರ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದು ಜನರನ್ನು ಅಲ್ಲಿ ಇಳಿಸುತ್ತಿತ್ತು. ಪಶ್ಚಿಮ ಆಫ್ರಿಕಾದ ಮೂಲೆಮೂಲೆಯ ಮಾತು ಆ ಒಂದೇ ಊರಿನಲ್ಲಿ ಬಂದು ಸೇರಿತು. ಸಿಗಿಸ್ಮುಂಡ್ ಕೋಲೆ ಆ ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಒಂದೇ ಪಟ್ಟಿಯ ಸುಮಾರು 300 ಪದ, ನುಡಿಗಟ್ಟುಗಳನ್ನು ಕೇಳಿದರು. 1854ರಲ್ಲಿ ‘ಪಾಲಿಗ್ಲಾಟ್ಟಾ ಆಫ್ರಿಕಾನಾ’ ಅಚ್ಚಾಯಿತು. ನಾನು ಕೋಲೆಯವರನ್ನು ಗೌರವಿಸುವುದು ಅವರು ಮಾಡಿದ ಇನ್ನೊಂದು ಕೆಲಸಕ್ಕಾಗಿ: ಹೇಳಿದವರ ಹೆಸರು, ಹುಟ್ಟಿದ ಊರು, ಸಿಕ್ಕಿಬಿದ್ದ ಬಗೆ, ಫ್ರೀಟೌನಿಗೆ ಬಂದು ಎಷ್ಟು ವರ್ಷವಾಯಿತು ಎಂಬುದನ್ನೆಲ್ಲ ಅವರು ಮುನ್ನುಡಿಯಲ್ಲಿ ದಾಖಲಿಸಿದ್ದಾರೆ. ಒಬ್ಬನನ್ನು ಯುದ್ಧದಲ್ಲಿ ಹಿಡಿದಿದ್ದರು, ಇನ್ನೊಬ್ಬನನ್ನು ದಾರಿಯಲ್ಲೇ ಅಪಹರಿಸಿದ್ದರು, ಮತ್ತೊಬ್ಬನನ್ನು ಸಾಲಕ್ಕಾಗಿ ಮಾರಿದ್ದರು. ತನ್ನ ಮಾತು ಬಲ್ಲ ಇನ್ನೊಬ್ಬನೂ ಇಲ್ಲದ ಊರಿನಲ್ಲಿ ವರ್ಷಗಟ್ಟಲೆ ಬದುಕಿದವರೂ ಅವರಲ್ಲಿದ್ದರು. ಅಂಥವನಿಗೆ ತನ್ನ ಮನೆಮಾತಿನಲ್ಲಿ ಬೆಂಕಿ, ನೀರು, ಅವ್ವ ಎಂದು ಹೇಳುವುದಕ್ಕೆ ಒದಗಿದ ಅವಕಾಶ ಎಂಥದ್ದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅದೇ ಊರಿನಲ್ಲಿ ಬೆಳೆದವರು ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್. 1821ರಲ್ಲಿ ಯೊರುಬಾ ನಾಡಿನ ಒಸೊಗುನ್ ಊರಿನ ಮೇಲೆ ದಾಳಿಯಾದಾಗ ಇನ್ನೂ ಹುಡುಗ. ಕೈಯಿಂದ ಕೈಗೆ ಮಾರಾಟವಾಗಿ ಪೋರ್ಚುಗೀಸ್ ಹಡಗು ಹತ್ತಿದ್ದ ಆತನನ್ನು 1822ರಲ್ಲಿ ಬ್ರಿಟಿಷ್ ನೌಕೆ ಬಿಡಿಸಿತು. 1843ರಲ್ಲಿ ಪ್ರಕಟವಾದ ಯೊರುಬಾ ಪದಕೋಶ ಅವರದೇ. ಕೇಳುವವನೂ ಹೇಳುವವನೂ ಒಬ್ಬನೇ ಆಗಿದ್ದ ಅಪರೂಪದ ಪುಸ್ತಕ ಅದು. ಮುಂದೆ ಯೊರುಬಾ ನಾಡಿನ ಅಬೆಯೊಕುಟಾಕ್ಕೆ ಧರ್ಮಪ್ರಚಾರಕ್ಕೆ ಹೋದಾಗ, 1846ರಲ್ಲಿ, ಇಪ್ಪತ್ತೈದು ವರ್ಷದ ಹಿಂದೆ ಅಗಲಿದ ತಾಯಿ ಅಫಾಲಾ ಸಿಕ್ಕರು. ಮಗ ತಾಯ್ನುಡಿಯನ್ನು ಅಚ್ಚಿಗೆ ಕೊಟ್ಟಾಗಿತ್ತು. ತಾಯಿ ದೊರೆತದ್ದು ಆಮೇಲೆ. ಕ್ರೌದರ್ 1864ರಲ್ಲಿ ಬಿಷಪ್ ಆದರು. ಕೊನೆಗಾಲದಲ್ಲಿ ಎಳೆಯ ಯುರೋಪಿಯನ್ ಪಾದ್ರಿಗಳು ಅವರನ್ನು ಅವಮಾನಿಸಿ ಅಧಿಕಾರ ಕಿತ್ತುಕೊಂಡದ್ದನ್ನು ಓದುವಾಗ ಈಗಲೂ ಸಿಟ್ಟು ಬರುತ್ತದೆ.

ಹೌಸಾ ಗದ್ಯದ ಹಿಂದೆ ಡೊರುಗು ಎಂಬ ಹುಡುಗನಿದ್ದಾನೆ. ಇಂದಿನ ನೈಜರ್ ದೇಶದ ಜಿಂಡರ್ ಸೀಮೆಯವನು. ಗುಲಾಮನಾಗಿದ್ದ ಅವನನ್ನು ಅನ್ವೇಷಕ ಓವರ್‌ವೆಗ್ ಬಿಡುಗಡೆ ಮಾಡಿಸಿದರು. ಓವರ್‌ವೆಗ್ 1852ರಲ್ಲಿ ಚಾಡ್ ಸರೋವರದ ಬಳಿ ತೀರಿಕೊಂಡ ಮೇಲೆ ಅವರ ಜೊತೆಗಾರ ಹೈನ್ರಿಶ್ ಬಾರ್ತ್ ಅವನನ್ನು ಯುರೋಪಿಗೆ ಕರೆದೊಯ್ದರು. ಇಂಗ್ಲೆಂಡಿನ ಚ್ಯಾಟಮ್‌ನಲ್ಲಿ ಶೋನ್ ಅವರ ಮನೆಯಲ್ಲಿದ್ದು ಡೊರುಗು ತನ್ನ ಬಾಲ್ಯ, ಸೆರೆ, ಪ್ರಯಾಣಗಳನ್ನೆಲ್ಲ ಹೌಸಾದಲ್ಲಿ ಹೇಳುತ್ತ ಹೋದ, ಶೋನ್ ಬರೆದುಕೊಂಡರು. 1885ರ ‘ಮಗನಾ ಹೌಸಾ’ದಲ್ಲಿ ಆ ಕಥೆ ಇದೆ. ಶೋನ್ ಅವರ 1862ರ ವ್ಯಾಕರಣ, 1876ರ ನಿಘಂಟುಗಳಿಗಿಂತ ನನಗೆ ಇದೇ ಹೆಚ್ಚು ಬೆಲೆಯದ್ದು, ಏಕೆಂದರೆ ಇಲ್ಲಿ ಪದ ಕೊಟ್ಟವನು ತನ್ನ ಬದುಕನ್ನೂ ತನ್ನದೇ ಮಾತಿನಲ್ಲಿ ಹೇಳಿದ್ದಾನೆ.

ಇನ್ನೊಬ್ಬ ಸಲಿಮಿನಿ. ಮಲಾವಿ ಸರೋವರದ ಪಶ್ಚಿಮದ ಸೀಮೆಯಿಂದ ಹಿಡಿದು ತಂದು ಮೊಂಬಾಸಾದಲ್ಲಿ ಮಾರಲಾದ ಗುಲಾಮ. ಬಾಸೆಲಿನಲ್ಲೇ ಓದಿದ ರೆಬ್ಮನ್ 1853ರಿಂದ ಅವನ ಬಾಯಿಂದ ಪದಗಳನ್ನು ಬರೆದುಕೊಂಡರು. ಇಂದು ಚಿಚೆವಾ ಎನ್ನುವ ಆ ಭಾಷೆಯ ನಿಘಂಟು 1877ರಲ್ಲಿ, ರೆಬ್ಮನ್ ತೀರಿಹೋದ ಮೇಲೆ, ಪ್ರಕಟವಾಯಿತು.

ಮಿಷನರಿಗಳು ಬರುವ ಮುಂಚೆ ಆಫ್ರಿಕಾದಲ್ಲಿ ಬರಹವೇ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಸ್ವಾಹಿಲಿ ಕವಿಗಳು ಅರಬಿ ಲಿಪಿಯಲ್ಲಿ ದೀರ್ಘಕಾವ್ಯ ಬರೆಯುತ್ತಿದ್ದರು. 1728ರ ‘ಉಟೆಂಡಿ ವಾ ಟಂಬೂಕಾ’ ಅದಕ್ಕೆ ಸಾಕ್ಷಿ. ಸೊಕೊಟೊದ ನಾನಾ ಅಸ್ಮಾವು ಹೌಸಾ, ಫುಲ್ಫುಲ್ಡೆ, ಅರಬಿ ಮೂರರಲ್ಲೂ ಪದ್ಯ ಬರೆದು, ಹೆಂಗಸರಿಗೆ ಹೆಂಗಸರೇ ಪಾಠ ಹೇಳುವ ಏರ್ಪಾಡು ಮಾಡಿದ್ದರು. ಕ್ರಾಫ್ ಕೂಡ ಮೊಂಬಾಸಾದಲ್ಲಿ ಅನುವಾದಕ್ಕೆ ಕೂತಾಗ ನೆರವು ಪಡೆದದ್ದು ಅಲ್ಲಿನ ವಿದ್ವಾಂಸ ಖಾಜಿಯಿಂದ.

ಇಥಿಯೋಪಿಯಾದ ಒರೊಮೊ ಭಾಷೆಯ ಚರಿತ್ರೆ ನನ್ನನ್ನು ಬಹಳ ಕಾಡಿದ್ದು. ಎಳವೆಯಲ್ಲೇ ಅಪಹರಣಕ್ಕೊಳಗಾಗಿ ಮತ್ತೆ ಮತ್ತೆ ಮಾರಾಟವಾದ ಒನೆಸಿಮೊಸ್ ನೆಸಿಬ್ 1870ರಲ್ಲಿ ಕೆಂಪು ಸಮುದ್ರದ ಮಸ್ಸಾವಾ ಬಂದರಿನಲ್ಲಿ ಬಿಡುಗಡೆ ಹೊಂದಿ ಸ್ವೀಡಿಷ್ ಮಿಷನ್ ಸೇರಿದರು. ಗುಲಾಮಳಾಗಿ ಕಡಲಾಚೆ ಸಾಗಿಸಲ್ಪಡುತ್ತಿದ್ದ ಆಸ್ಟೆರ್ ಗನ್ನೊ ಎಂಬ ಹುಡುಗಿಯನ್ನು 1886ರಲ್ಲಿ ಇಟಲಿಯ ನೌಕೆ ಬಿಡಿಸಿತು. ಬಾಲ್ಯದಲ್ಲೇ ನಾಡು ಬಿಟ್ಟ ಒನೆಸಿಮೊಸರಿಗೆ ಮಾತು ತೆಳುವಾಗಿತ್ತು. ಆಸ್ಟೆರ್‌ಗೆ ಹಾಡು, ಕಥೆ, ಗಾದೆ ಎಲ್ಲ ನಾಲಗೆಯ ಮೇಲಿದ್ದವು. ಇಬ್ಬರೂ ಸೇರಿ 1894ರಲ್ಲಿ ಒರೊಮೊ ಓದುಪುಸ್ತಕ ತಂದರು. 1899ರಲ್ಲಿ ಇಡೀ ಬೈಬಲ್ ಬಾಸೆಲಿನ ಹತ್ತಿರದ ಸೇಂಟ್ ಕ್ರಿಷೋನಾದಲ್ಲಿ, ಇಥಿಯೋಪಿಯಾದ ಗೀಜ್ ಲಿಪಿಯಲ್ಲಿ, ಅಚ್ಚಾಯಿತು. ಅನುವಾದದ ಕೀರ್ತಿ ಒನೆಸಿಮೊಸ್ ಒಬ್ಬರದೇ ಆಯಿತು, ಆಸ್ಟೆರ್ ದುಡಿಮೆ ಬಹುಕಾಲ ಮರೆಯಲ್ಲೇ ಉಳಿಯಿತು. ಅದು ಅನ್ಯಾಯ. ಆ ಭಾಷೆಯ ಇತಿಹಾಸ ಬರೆಯುವವರು ಆಕೆಯ ಹೆಸರನ್ನೂ ಅವರ ಜೊತೆಗೇ ಬರೆಯಬೇಕು.

ಇಥಿಯೋಪಿಯಾದಲ್ಲಿ ಅತಿ ಹೆಚ್ಚು ಜನರ ತಾಯ್ನುಡಿಯಾಗಿದ್ದರೂ ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆಯಲ್ಲಿ ಒರೊಮೊಗೆ ಶಾಲೆಯಲ್ಲೂ ಅಚ್ಚಿನಲ್ಲೂ ಜಾಗವಿರಲಿಲ್ಲ. 1991ರಲ್ಲಿ ಸರ್ಕಾರ ಬದಲಾದ ಮೇಲೆ ‘ಕುಬೆ’ ಎಂಬ ಲ್ಯಾಟಿನ್ ಅಕ್ಷರಮಾಲೆಯನ್ನು ಒಪ್ಪಿಕೊಂಡರು, ಒರೊಮಿಯಾ ಸೀಮೆಯ ಮಕ್ಕಳಿಗೆ ಅದರಲ್ಲೇ ಪಾಠ ಶುರುವಾಯಿತು.