ಪಾಣತ್ತೂರಿನ ಇಳಿಜಾರು
ಕಾಞಂಗಾಡಿನಿಂದ ಕೊಡಗಿಗೆ ಹತ್ತುವ ಹಾದಿ ಪಾಣತ್ತೂರು ದಾಟಿ ಕರಿಕೆ ಸೇರುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೂ ಕೊಡಗು ಮೈಸೂರು ರಾಜ್ಯಕ್ಕೂ ಸೇರಿದವು. ಹಾದಿಯ ನಡುವೆ ರಾಜ್ಯಗಡಿ ಇದ್ದರೂ ನೆಂಟಸ್ತಿಕೆ ಅದನ್ನು ನೋಡಲಿಲ್ಲ. 2021ರ ಜನವರಿ 3ರಂದು ಪುತ್ತೂರು ಕಡೆಯ ದಿಬ್ಬಣದ ಬಸ್ಸು ಇಲ್ಲಿನ ಇಳಿಜಾರಿನಲ್ಲಿ ಹಿಡಿತ ತಪ್ಪಿ ಮನೆಯೊಂದರ ಮೇಲೆ ಉರುಳಿತು. 7 ಮಂದಿ ತೀರಿಕೊಂಡರು.

ಘಟ್ಟದಲ್ಲಿ ವೇಗ ಏರಲು ಆಕ್ಸಿಲರೇಟರ್ ಬೇಕಿಲ್ಲ, ಭಾರವೇ ಸಾಕು. ಬ್ರೇಕನ್ನೇ ತುಳಿಯುತ್ತ ಇಳಿದರೆ ಲೈನಿಂಗ್ ಕಾದು, ಸುಟ್ಟ ವಾಸನೆ ಬಂದು, ಎಷ್ಟು ಒತ್ತಿದರೂ ಹಿಡಿತ ಸಿಗದು. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ರೂಢಿಯ ಹಿಂದಿರುವುದು ಇದೇ ಭಯ. ಆಕ್ಸಿಲರೇಟರ್ ಸಿಕ್ಕಿಕೊಂಡಾಗಿನ ಕ್ರಮ ಬೇರೆ: ಬ್ರೇಕನ್ನು ಬಿಟ್ಟುಬಿಟ್ಟು ತುಳಿಯದೆ ಒಂದೇ ಸಮನೆ ಬಲವಾಗಿ ಒತ್ತಿ ನ್ಯೂಟ್ರಲ್‌ಗೆ ತರಬೇಕು, ನಿಂತ ಮೇಲೆಯೇ ಎಂಜಿನ್ ಆರಿಸಬೇಕು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು ಮಾತ್ರ ಜೀವಕ್ಕೇ ಅಪಾಯ.