ವೀರ್ಯದ ರಿಪೋರ್ಟಲ್ಲಿ ‘ಪಸ್ ಸೆಲ್ಸ್’ ಅಂತಿದ್ದರೆ ಆ್ಯಂಟಿಬಯಾಟಿಕ್ ನುಂಗಬೇಕಾ?

ಮಕ್ಕಳಾಗದ ಹೆಣ್ಣನ್ನು ಹೀಯಾಳಿಸೋಕೆ ಕನ್ನಡದಲ್ಲಿ ‘ಬಂಜೆ’ ಎಂಬ ಪದವಿದೆ. ಗಂಡಸಿಗೆ ಅಂಥದ್ದಿಲ್ಲ. ‘ಷಂಡ’ ಅನ್ನುವುದು ಲೈಂಗಿಕ ಅಶಕ್ತಿಯ ಮಾತು, ವೀರ್ಯಾಣುವಿನದ್ದಲ್ಲ. ಹಾಗಾಗಿಯೇ ಹೆಂಡತಿಯ ಸ್ಕ್ಯಾನಿಂಗು, ಹಾರ್ಮೋನ್ ಟೆಸ್ಟು, ಹರಕೆ ಎಲ್ಲ ಮುಗಿದ ಮೇಲೆ ಗಂಡನ ವೀರ್ಯ ಪರೀಕ್ಷೆಯ ಸರದಿ ಬರುತ್ತದೆ. ಆದರೆ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ.

ಅದರಲ್ಲಿ ಬ್ಯಾಕ್ಟೀರಿಯಾ ಸೋಂಕಿನದ್ದು ಸಣ್ಣ ಪಾಲು, ಆದರೆ ತಡೆಯಬಹುದಾದ ಪಾಲು. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಮತ್ತು ಗೊನೊರಿಯಾ, ಮೂತ್ರದ ಸೋಂಕು ತರುವ ಇ. ಕೋಲೈ, ನಮ್ಮ ದೇಶದಲ್ಲಂತೂ ಕ್ಷಯ. ವೃಷಣದ ಹಿಂದೆ ವೀರ್ಯಾಣು ಬಲಿಯುವ ಸುರುಳಿ ನಾಳವೊಂದಿದೆ, ಎಪಿಡಿಡಿಮಿಸ್ ಅಂತ. ಸೋಂಕು ಅಲ್ಲಿ ಗಾಯ ಮಾಡಿ ಕಲೆ ಉಳಿಸಿದರೆ ದಾರಿಯೇ ಮುಚ್ಚಿಹೋಗಬಹುದು. ಆಮೇಲೆ ಔಷಧಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಮುಚ್ಚಿದ ನಾಳ ತೆರೆಯುವುದಿಲ್ಲ. ಕ್ಲಮೈಡಿಯಾ ಇರುವ ಎಷ್ಟೋ ಗಂಡಸರಿಗೆ ಉರಿಯಾಗಲಿ ಸ್ರಾವವಾಗಲಿ ಇರೋದೇ ಇಲ್ಲ.

ಈಗ ಆ ‘ಪಸ್ ಸೆಲ್ಸ್’ ವಿಷಯ. ನಾನು ನೋಡಿದ ಹಲವು ರಿಪೋರ್ಟುಗಳಲ್ಲಿ ಈ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲೇ ಎರಡು–ಮೂರು ವಾರದ ಮಾತ್ರೆ ಬರೆದಿರುತ್ತಾರೆ. ನನ್ನ ತಕರಾರು ಇರೋದು ಇಲ್ಲೇ. ಸೂಕ್ಷ್ಮದರ್ಶಕದಲ್ಲಿ ದುಂಡಗೆ ಕಾಣುವುದೆಲ್ಲ ಬಿಳಿ ರಕ್ತಕಣವಲ್ಲ, ಇನ್ನೂ ಬಲಿಯದ ವೀರ್ಯಾಣು ಕೋಶವೂ ಹಾಗೇ ಕಾಣುತ್ತದೆ. ಎರಡನ್ನೂ ಬೇರೆ ಮಾಡೋಕೆ ಪೆರಾಕ್ಸಿಡೇಸ್ ಎಂಬ ಬಣ್ಣದ ಪರೀಕ್ಷೆ ಬೇಕು. ಒಂದು ಮಿಲಿಲೀಟರಿಗೆ 10 ಲಕ್ಷ ಬಿಳಿ ಕಣ ದಾಟಿದರೆ ಹೆಚ್ಚು ಅಂತ ಲೆಕ್ಕ. ಅಷ್ಟಿದ್ದರೂ ಅದು ಉರಿಯೂತದ ಸೂಚನೆಯೇ ಹೊರತು ಸೋಂಕಿನ ಸಾಕ್ಷಿಯಲ್ಲ. ಕಲ್ಚರ್‌ನಲ್ಲಿ ಬೆಳೆದದ್ದು ಚರ್ಮದ ಮೇಲಿನ ನಿರುಪದ್ರವಿ ಬ್ಯಾಕ್ಟೀರಿಯಾ ಆಗಿರಬಹುದು. ಕ್ಲಮೈಡಿಯಾ ಸಾಮಾನ್ಯ ಕಲ್ಚರ್‌ನಲ್ಲಿ ಬೆಳೆಯುವುದೇ ಇಲ್ಲ, ಅದಕ್ಕೆ ಮೂತ್ರದ ಪಿಸಿಆರ್ ಮಾದರಿಯ ಪರೀಕ್ಷೆ ಬೇಕು.

ಸೋಂಕು ಖಚಿತವಾದರೆ ಮಾತ್ರೆ ನುಂಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕ್ಲಮೈಡಿಯಾಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು ಸಲ, 7 ದಿನ, ಅದೂ ವೈದ್ಯರು ಬರೆದುಕೊಟ್ಟರೆ. ಸಂಗಾತಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಸೋಂಕು ವಾಪಸ್ ಬರುತ್ತದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ, ಮರುಪರೀಕ್ಷೆ ಮೂರು ತಿಂಗಳ ನಂತರ. ಇಷ್ಟಾಗಿ ರಿಪೋರ್ಟ್ ಸುಧಾರಿಸಬಹುದು. ಆದರೆ ಅದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿಯ ನಿಲುವೂ ಇದೇ.

ಹಾಗಾದರೆ ಪುರಾವೆಯಿಲ್ಲದ ಕೋರ್ಸಿಗೆ ಬೆಲೆ ತೆರುವವರು ಯಾರು? ಮೊದಲು ಹೆಂಡತಿ. ಒಂದಾದ ಮೇಲೊಂದು ಕೋರ್ಸ್ ಅಂತ ಕಳೆಯುವ ತಿಂಗಳುಗಳು ಅವಳ ವಯಸ್ಸಿನ ಲೆಕ್ಕಕ್ಕೇ ಹೋಗುತ್ತವೆ. ಆಮೇಲೆ ಊರೆಲ್ಲ. ಗೊನೊರಿಯಾ ಈಗಾಗಲೇ ಹಲವು ಔಷಧಿಗಳಿಗೆ ಬಗ್ಗುತ್ತಿಲ್ಲ. ಲೆವೊಫ್ಲಾಕ್ಸಾಸಿನ್, ಸೆಫಿಕ್ಸಿಮ್‌ನಂಥವನ್ನು ಮಾರುವಾಗ ಮೆಡಿಕಲ್ ಶಾಪಿನವರು ರಿಜಿಸ್ಟರ್ ಬರೆಯಬೇಕು ಅನ್ನುವ ಶೆಡ್ಯೂಲ್ ಎಚ್1 ನಿಯಮ 2014ರಿಂದ ಜಾರಿಯಲ್ಲಿದೆ. ನಿಮ್ಮ ಬೀದಿಯ ಅಂಗಡಿಯಲ್ಲಿ ಆ ರಿಜಿಸ್ಟರ್ ಕಂಡಿದ್ದೀರಾ?

ಲೈಂಗಿಕ ಸೋಂಕಿನ ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಉಚಿತ ಚಿಕಿತ್ಸೆ ಇದೆ. ನಾಳ ಮುಚ್ಚಿಹೋದವರ ಪಾಡು ಬೇರೆ. ಅವರಿಗೆ ಶಸ್ತ್ರಚಿಕಿತ್ಸೆ ಅಥವಾ ಐವಿಎಫ್ ಬೇಕಾಗುತ್ತದೆ, ಸಂತಾನ ಚಿಕಿತ್ಸೆಯನ್ನು ಆಯುಷ್ಮಾನ್ ಭಾರತ್ ಪಟ್ಟಿಯಿಂದ ಹೊರಗಿಟ್ಟಿದ್ದಾರೆ.