ಗ್ರೆಪ್

ಗ್ರೆಪ್ ಎಂಬುದು ಯುನಿಕ್ಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪಠ್ಯವನ್ನು ಹುಡುಕಲು ಬಳಸುವ ತಂತ್ರಾಂಶ. ಇದನ್ನು ಟರ್ಮಿನಲ್‌ನಲ್ಲಿ ಆದೇಶವನ್ನು ಟೈಪಿಸುವ ಮೂಲಕ ಬಳಸಲಾಗುತ್ತದೆ. ಬಳಕೆದಾರರು ಸೂಚಿಸಿದ ಪದ ಅಥವಾ ಅಕ್ಷರಗಳ ಮಾದರಿ ಇರುವ ಸಾಲುಗಳನ್ನು ಇದು ಕಡತಗಳಿಂದ ಆರಿಸಿ ತೋರಿಸುತ್ತದೆ.

ಇತಿಹಾಸ

ಗ್ರೆಪ್ ಅನ್ನು ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ರಚಿಸಿದರು. ಇದು 1973ರಲ್ಲಿ ಯುನಿಕ್ಸ್‌ನ 4ನೇ ಆವೃತ್ತಿಯೊಂದಿಗೆ ಬಳಕೆಗೆ ಬಂದಿತು. ‘ಇಡಿ’ ಎಂಬ ಪಠ್ಯ ಸಂಪಾದಕದ ‘ಜಿ/ಆರ್‌ಇ/ಪಿ’ ಎಂಬ ಆದೇಶವೇ ಈ ಹೆಸರಿನ ಮೂಲ. ಕಡತದಾದ್ಯಂತ ನಿರ್ದಿಷ್ಟ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಹೊಂದುವ ಸಾಲುಗಳನ್ನೆಲ್ಲ ಮುದ್ರಿಸು ಎಂಬುದು ಅದರ ಅರ್ಥ. ಸಹೋದ್ಯೋಗಿ ಲೀ ಮೆಕ್‌ಮ್ಯಾಹನ್ ಅವರು ‘ಫೆಡರಲಿಸ್ಟ್ ಪೇಪರ್ಸ್’ ಪ್ರಬಂಧಗಳ ಕರ್ತೃತ್ವವನ್ನು ಪರಿಶೀಲಿಸುತ್ತಿದ್ದಾಗ, ಆ ಪಠ್ಯವು ‘ಇಡಿ’ಗೆ ಹಿಡಿಸಲಾರದಷ್ಟು ದೊಡ್ಡದಾಗಿದ್ದುದು ಇದರ ರಚನೆಗೆ ಕಾರಣವಾಯಿತೆಂದು ಬ್ರಯಾನ್ ಕರ್ನಿಘನ್ ವಿವರಿಸಿದ್ದಾರೆ. ಲಿನಕ್ಸ್ ವಿತರಣೆಗಳಲ್ಲಿ ಸಾಮಾನ್ಯವಾಗಿ ಗ್ನು ಯೋಜನೆಯ ಗ್ರೆಪ್ ಇರುತ್ತದೆ.

ಬಳಕೆ

ಆದೇಶದಲ್ಲಿ ಗ್ರೆಪ್, ಆಯ್ಕೆಗಳು, ಹುಡುಕಬೇಕಾದ ಮಾದರಿ ಮತ್ತು ಕಡತದ ಹೆಸರು ಇದೇ ಕ್ರಮದಲ್ಲಿ ಬರುತ್ತವೆ. ಆದೇಶ ಹಾಗೂ ಆಯ್ಕೆಗಳನ್ನು ರೋಮನ್ ಅಕ್ಷರಗಳಲ್ಲಿಯೇ ಟೈಪಿಸಬೇಕು. ಮುಖ್ಯ ಆಯ್ಕೆಗಳು ಹೀಗಿವೆ:

- -ಎನ್: ಸಾಲಿನ ಸಂಖ್ಯೆಯನ್ನೂ ತೋರಿಸುತ್ತದೆ.
- -ಆರ್: ಕಡತಕೋಶದ ಒಳಕೋಶಗಳಲ್ಲಿಯೂ ಹುಡುಕುತ್ತದೆ.
- -ಎಲ್: ಹೊಂದಿಕೆಯಿರುವ ಕಡತಗಳ ಹೆಸರನ್ನು ಮಾತ್ರ ನೀಡುತ್ತದೆ.
- -ವಿ: ಹೊಂದದ ಸಾಲುಗಳನ್ನು ತೋರಿಸುತ್ತದೆ.
- -ಐ: ದೊಡ್ಡ ಮತ್ತು ಸಣ್ಣ ಅಕ್ಷರಗಳ ಭೇದವನ್ನು ಕಡೆಗಣಿಸುತ್ತದೆ. ಕನ್ನಡ ಲಿಪಿಯಲ್ಲಿ ಈ ಭೇದವಿಲ್ಲ.

ಹೊಂದಿಕೆ ದೊರೆತರೆ 0, ದೊರೆಯದಿದ್ದರೆ 1, ದೋಷ ಉಂಟಾದರೆ 2 ಎಂಬ ನಿರ್ಗಮನ ಸಂಖ್ಯೆಯನ್ನು ಗ್ರೆಪ್ ಹಿಂದಿರುಗಿಸುತ್ತದೆ.

ಕಡತಗಳ ಹುಡುಕಾಟ

ಕಡತದ ಒಳಗಿನ ಪಠ್ಯವನ್ನಲ್ಲದೆ ಕಡತವನ್ನೇ ಹುಡುಕಲು ಬೇರೆ ಆದೇಶಗಳಿವೆ. ‘ಫೈಂಡ್’ ಕಡತಕೋಶಗಳನ್ನು ಒಂದೊಂದಾಗಿ ಶೋಧಿಸಿ, ಹೆಸರು, ಗಾತ್ರ ಅಥವಾ ಬದಲಾವಣೆಯಾದ ಸಮಯದ ಆಧಾರದಲ್ಲಿ ಕಡತಗಳನ್ನು ಪತ್ತೆಹಚ್ಚುತ್ತದೆ. ‘ಲೊಕೇಟ್’ ಮೊದಲೇ ಸಿದ್ಧಪಡಿಸಿದ ದತ್ತಸಂಚಯವನ್ನು ನೋಡುವುದರಿಂದ ಹೆಚ್ಚು ವೇಗವಾಗಿದೆ. ಆದರೆ ದತ್ತಸಂಚಯವು ನವೀಕರಣಗೊಳ್ಳುವವರೆಗೆ ಹೊಸ ಕಡತಗಳು ಅದರಲ್ಲಿ ಸಿಗುವುದಿಲ್ಲ.

ಕನ್ನಡ ಪಠ್ಯದಲ್ಲಿ ಹುಡುಕಾಟ

ಗ್ರೆಪ್ ಹೋಲಿಸುವುದು ಅಕ್ಷರದ ರೂಪವನ್ನಲ್ಲ, ಅದರ ಸಂಕೇತವನ್ನು. ಆದ್ದರಿಂದ ಕಣ್ಣಿಗೆ ಕಾಣುವ ಪದವೂ ಕೆಲವೊಮ್ಮೆ ಹುಡುಕಾಟದಲ್ಲಿ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ಎರಡೂ ಒಂದೇ ರೀತಿ ಕಂಡರೂ ಒಂದನ್ನು ಹುಡುಕಿದಾಗ ಇನ್ನೊಂದು ಸಿಗದು. ಪಠ್ಯವನ್ನು ಮೊದಲು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಈ ತೊಡಕು ನಿವಾರಣೆಯಾಗುತ್ತದೆ.

ಯಾವುದೇ ಒಂದು ಅಕ್ಷರವನ್ನು ಸೂಚಿಸುವ ಚುಕ್ಕಿಯು ವಾಸ್ತವವಾಗಿ ಒಂದು ಯೂನಿಕೋಡ್ ಸಂಕೇತಕ್ಕೆ ಮಾತ್ರ ಹೊಂದುತ್ತದೆ. ‘ಕ್ಷ’ದಲ್ಲಿ ಕ, ಹಲಂತ ಚಿಹ್ನೆ ಮತ್ತು ಷ ಎಂಬ ಮೂರು ಸಂಕೇತಗಳಿರುವುದರಿಂದ ಅದಕ್ಕೆ ಮೂರು ಚುಕ್ಕಿಗಳು ಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಸಂಕೇತದಲ್ಲಿ ಉಳಿಸಿದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ಯೂನಿಕೋಡ್ ಪದಗಳಿಂದ ಹುಡುಕಬಹುದು. ಹೀಗಾಗಿ ಗ್ರೆಪ್ ಯಾವ ಸಾಲನ್ನೂ ತೋರಿಸದಿದ್ದರೆ, ಆ ಪದವು ಕಡತದಲ್ಲಿ ಇಲ್ಲವೆಂದು ನಿರ್ಧರಿಸುವ ಮುನ್ನ ಅದರ ಸಂಕೇತಕ್ರಮವನ್ನು ಪರಿಶೀಲಿಸುವುದು ಅಗತ್ಯ.